ಮನೆಗೆ ಬಂದ ಚಲನಚಿತ್ರ ಮತ್ತು ಭೋಗೋಪಭೋಗ ಪರಿಮಾಣ

ಶ್ರಾವಕನು ಬಳಸುವ ವಸ್ತುಗಳನ್ನು ನಮ್ಮ ಆಚಾರ್ಯರು ಎರಡಾಗಿ ವಿಂಗಡಿಸಿದ್ದಾರೆ. ಒಮ್ಮೆ ಬಳಸಿದೊಡನೆ ಮುಗಿದುಹೋಗುವ ಆಹಾರಾದಿಗಳು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವ ವಸ್ತ್ರಾದಿಗಳು ಉಪಭೋಗ. ಇವೆರಡಕ್ಕೂ ಅಳತೆಯನ್ನು ಗೊತ್ತುಪಡಿಸಿಕೊಳ್ಳುವುದನ್ನು ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಗುಣವ್ರತಗಳಲ್ಲಿ ಸೇರಿಸಿದ್ದಾರೆ. ಆ ಮಿತಿಯು ನಿಶ್ಚಿತ ಕಾಲದವರೆಗೆ ಇದ್ದರೆ ನಿಯಮ, ಜೀವನಪರ್ಯಂತ ಇದ್ದರೆ ಯಮ. ಚಿತ್ರಮಂದಿರದಲ್ಲಿ ಒಮ್ಮೆ ನೋಡಿ ಎದ್ದುಬರುವಷ್ಟು ಕಾಲ ಚಲನಚಿತ್ರವು ಭೋಗದಂತಿತ್ತು. ಅದು ಬಾಡಿಗೆಗೆ ಮನೆಯೊಳಗೆ ಬಂದ ಮೇಲೆ ಅದರ ಸ್ಥಾನವೇ ಬದಲಾಯಿತು. ಈ ಬದಲಾವಣೆಯನ್ನು ಮೂರು ತಲೆಮಾರುಗಳಿಂದ ನಮ್ಮ ಮನೆಯಲ್ಲಿಯೇ ಕಂಡಿರುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಜಪಾನಿನ ಜೆ.ವಿ.ಸಿ. ಸಂಸ್ಥೆಯು ವಿ.ಎಚ್.ಎಸ್. ಕ್ಯಾಸೆಟ್ಟನ್ನು ಹೊರತಂದದ್ದು 1976ರಲ್ಲಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ನಮ್ಮ ದೂರದರ್ಶನಕ್ಕೆ ಬಣ್ಣ ಬಂದಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸಣ್ಣ ಊರುಗಳಲ್ಲಿಯೂ ವಿಡಿಯೋ ಲೈಬ್ರರಿಗಳು ತಲೆಯೆತ್ತಿದವು. ವಿ.ಸಿ.ಆರ್. ಕೊಳ್ಳುವ ಶಕ್ತಿ ಕೆಲವರಿಗೆ ಮಾತ್ರವಿತ್ತು. ಉಳಿದವರು ಯಂತ್ರ, ಬಣ್ಣದ ಟಿ.ವಿ., ಎರಡು ಮೂರು ಕ್ಯಾಸೆಟ್ಟುಗಳು, ಎಲ್ಲವನ್ನೂ ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತರುತ್ತಿದ್ದರು. ಠೇವಣಿ ಇಡಬೇಕು, ಮರುದಿನ ಹಿಂದಿರುಗಿಸಬೇಕು. ತಡವಾದರೆ ಇನ್ನೊಂದು ದಿನದ ಬಾಡಿಗೆ ತೆರಬೇಕು.

ನಮ್ಮ ತೀರ್ಥರೂಪರು ಇದನ್ನು ನಿಷೇಧಿಸಲಿಲ್ಲ. ಮೂರು ಕಟ್ಟುಪಾಡುಗಳನ್ನು ವಿಧಿಸಿದರು. ಅಷ್ಟಮಿ, ಚತುರ್ದಶಿಗಳಂದೂ ದಶಲಕ್ಷಣ ಪರ್ವದಲ್ಲಿಯೂ ಕ್ಯಾಸೆಟ್ಟು ಮನೆಗೆ ಬರಕೂಡದು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿದಿರಬೇಕು. ಚಿತ್ರ ನೋಡುತ್ತ ಏನನ್ನೂ ಮೆಲ್ಲಕೂಡದು. ಮೂರನೆಯದಾಗಿ, ಕ್ಯಾಸೆಟ್ಟು ಕಳ್ಳನಕಲು ಆಗಿರಕೂಡದು.

ಮೂರನೆಯದು ಅಂದಿನ ನೆರೆಹೊರೆಯವರಿಗೆ ವಿಚಿತ್ರವಾಗಿ ಕಂಡಿತು. ಬಿಡುಗಡೆಯಾದ ವಾರದಲ್ಲಿಯೇ ಹೊಸ ಚಿತ್ರದ ಮಸುಕು ನಕಲು ಅಂಗಡಿಯಲ್ಲಿ ದೊರೆಯುತ್ತಿದ್ದ ಕಾಲವದು. 1984ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾಗಿ, ವಿಡಿಯೋ ಚಿತ್ರದ ಮೇಲೆ ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ತಯಾರಿಸಿದವರ ಹಾಗೂ ಹಕ್ಕುದಾರರ ಹೆಸರು ವಿಳಾಸಗಳು ಇರಲೇಬೇಕೆಂದು ವಿಧಿಸಲಾಯಿತು. ತಂದೆಯವರು ಕಾಯಿದೆಗಿಂತ ತತ್ತ್ವಾರ್ಥಸೂತ್ರವನ್ನು ಹೆಚ್ಚಾಗಿ ನೆನೆಯುತ್ತಿದ್ದರು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕದ್ದು ತಂದದ್ದನ್ನು ಸ್ವೀಕರಿಸುವ ತದಾಹೃತಾದಾನವಿದೆ. ಅಸಲಿನಂತೆ ತೋರುವ ನಕಲಿಯಿಂದ ವ್ಯವಹರಿಸುವ ಪ್ರತಿರೂಪಕವ್ಯವಹಾರವಿದೆ. "ಕದ್ದವನು ಬೇರೆ, ನಾವು ಬಾಡಿಗೆ ಕೊಟ್ಟಿದ್ದೇವಲ್ಲ" ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ.

ಕಾಲ ಸರಿಯಿತು. 1990ರ ದಶಕದ ಕೊನೆಯಲ್ಲಿ ವಿ.ಸಿ.ಡಿ., ಅನಂತರ ಡಿ.ವಿ.ಡಿ. ಬಂದವು. ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು 1998ರಲ್ಲಿ ಅಂಚೆಯ ಮೂಲಕ ಡಿ.ವಿ.ಡಿ. ಬಾಡಿಗೆಗೆ ಕೊಡತೊಡಗಿ, 1999ರಲ್ಲಿ ತಿಂಗಳ ಚಂದಾ ಪದ್ಧತಿಯನ್ನು ತಂದಿತು. ಹಿಂದಿರುಗಿಸುವ ಗಡುವು, ವಿಳಂಬದ ದಂಡ ಎರಡೂ ಹೋದವು. 2007ರಲ್ಲಿ ಅಂತರಜಾಲದ ಮೂಲಕ ಚಿತ್ರಗಳನ್ನು ಕಳುಹಿಸತೊಡಗಿದ ಆ ಸಂಸ್ಥೆ 2016ರ ಜನವರಿಯಲ್ಲಿ ಭಾರತಕ್ಕೂ ಬಂದಿತು. ಅದೇ ವರ್ಷದ ಜುಲೈಯಲ್ಲಿ ಜಪಾನಿನ ಫುನಾಯ್ ಸಂಸ್ಥೆಯು ವಿ.ಸಿ.ಆರ್. ತಯಾರಿಕೆಯನ್ನು ಕೈಬಿಟ್ಟಿತು, 2023ರ ಸೆಪ್ಟೆಂಬರಿನಲ್ಲಿ ಅಂಚೆಯ ಡಿ.ವಿ.ಡಿ.ಯೂ ನಿಂತಿತು. ಬಿಡಿಬಿಡಿಯಾಗಿ ಬಾಡಿಗೆ ಪಡೆಯುವ ಪದ್ಧತಿ ಅಂತರಜಾಲದಲ್ಲಿ ಇಂದಿಗೂ ಇದೆ: ಸಾಮಾನ್ಯವಾಗಿ 30 ದಿನಗಳೊಳಗೆ ಆರಂಭಿಸಬೇಕು, ಆರಂಭಿಸಿದ ಮೇಲೆ 48 ಗಂಟೆಗಳೊಳಗೆ ಮುಗಿಸಬೇಕು. ಆದರೆ ಹೆಚ್ಚಿನ ಮನೆಗಳು ನೆಚ್ಚಿಕೊಂಡಿರುವುದು ಚಂದಾವನ್ನೇ.

ಹಿಂದಿನ ಬಾಡಿಗೆಯಲ್ಲಿ ಸಂಯಮವಿತ್ತು, ಇಂದಿನದರಲ್ಲಿ ಇಲ್ಲ ಎಂದು ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ. ಒಂದೇ ರಾತ್ರಿಗೆ ಯಂತ್ರ ತಂದವರು ಕೊಟ್ಟ ಹಣ ದಕ್ಕಲೆಂದು ಬೆಳಗಾಗುವವರೆಗೆ ಮೂರು ಚಿತ್ರಗಳನ್ನು ನೋಡುತ್ತಿದ್ದರು. ಗಡುವು ಲೋಭವನ್ನು ಕಟ್ಟಿಹಾಕಲಿಲ್ಲ; ಅವಸರಪಡಿಸಿತು. ಅಂಗಡಿಯವನು ಹಾಕಿದ ಮಿತಿ ವ್ಯಾಪಾರದ್ದು. ತಾನಾಗಿ ಹಾಕಿಕೊಂಡ ಮಿತಿ ಮಾತ್ರ ನಿಯಮ. ವ್ಯತ್ಯಾಸವಿಷ್ಟೇ: ಅಂದು ಏಳಬೇಕಾದ ಸಂದರ್ಭವೊಂದು ತಾನಾಗಿ ಒದಗುತ್ತಿತ್ತು. ಸುರುಳಿ ಮುಗಿಯುತ್ತಿತ್ತು, ಹಿಂದಕ್ಕೆ ಸುತ್ತಬೇಕಿತ್ತು, ಅಂಗಡಿಗೆ ನಡೆಯಬೇಕಿತ್ತು. ಇಂದು ಒಂದು ಕಂತು ಮುಗಿದ ಕೆಲವೇ ಕ್ಷಣಗಳಲ್ಲಿ ಮುಂದಿನದು ತಾನೇ ಆರಂಭವಾಗುತ್ತದೆ. ನೋಡಲು ಇಚ್ಛೆ ಬೇಕಿಲ್ಲ. ನಿಲ್ಲಿಸಲು ಇಚ್ಛೆ ಬೇಕು. ಪ್ರಯೋಜನವಿಲ್ಲದ ಪ್ರವೃತ್ತಿಯನ್ನು ಅನರ್ಥದಂಡವೆಂದು ಕರೆದು, ಅದರಲ್ಲಿ ಪ್ರಮಾದಚರ್ಯೆಯನ್ನೂ ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವ ದುಃಶ್ರುತಿಯನ್ನೂ ಎಣಿಸಿದ ಆಚಾರ್ಯರ ದೃಷ್ಟಿ ಎಷ್ಟು ಸೂಕ್ಷ್ಮವಾದುದು!

ಅಚೌರ್ಯದ ಪ್ರಶ್ನೆಯೂ ಹೊಸ ವೇಷದಲ್ಲಿ ಬಂದಿದೆ. ಬಂಧುವೊಬ್ಬರು ತಮ್ಮ ಚಂದಾದ ಗುಪ್ತಪದವನ್ನು ನಮ್ಮ ಮನೆಗೂ ಕೊಡುವುದಾಗಿ ಪ್ರೀತಿಯಿಂದ ಹೇಳಿದರು. "ಮಾವ, ಅವರೇ ಮನಸಾರೆ ಕೊಡುತ್ತಿರುವಾಗ ಇದು ಅದತ್ತಾದಾನ ಹೇಗಾಗುತ್ತದೆ?" ಎಂದು ಸೊಸೆ ಕೇಳಿದಳು. ಪ್ರಶ್ನೆ ನ್ಯಾಯವಾದುದೇ. ಕೊಡುವವರಿಗೆ ಕೊಡುವ ಅಧಿಕಾರವಿದೆಯೇ ಎಂಬುದನ್ನು ಮೊದಲು ನೋಡೋಣ ಎಂದೆ. ಕರಾರನ್ನು ಓದಿದೆವು, ಅದು ಒಂದು ಮನೆಯವರಿಗೆ ಮಾತ್ರ ಎಂದು ಸ್ಪಷ್ಟವಾಗಿತ್ತು. ತನ್ನದಲ್ಲದ್ದನ್ನು ಒಬ್ಬರು ಎಷ್ಟೇ ಪ್ರೀತಿಯಿಂದ ಕೊಟ್ಟರೂ ಅದು ದತ್ತವಾಗುವುದಿಲ್ಲ. ಬಂಧುಗಳಿಗೆ ತುಸು ಬೇಸರವಾಯಿತು. ಆ ಬೇಸರ ಇನ್ನೂ ಪೂರ್ತಿ ಹೋಗಿಲ್ಲ. ವ್ರತಪಾಲನೆಗೆ ಇಂತಹ ಬೆಲೆಯೂ ಉಂಟು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸಂಜೆಯ ಹೊತ್ತು. ಸಾಮಾಯಿಕದ ಒಂದು ಮುಹೂರ್ತವೆಂದರೆ 48 ನಿಮಿಷ. ಧಾರಾವಾಹಿಯ ಕಂತೊಂದು ಹೆಚ್ಚುಕಡಿಮೆ ಅಷ್ಟೇ ಉದ್ದ. ಎರಡೂ ಒಂದೇ ಹೊತ್ತನ್ನು ಬೇಡುತ್ತಿದ್ದವು; ಕೆಲವು ತಿಂಗಳುಗಳಿಂದ ಮನೆಯಲ್ಲಿ ಸಾಮಾಯಿಕಕ್ಕೆ ಕುಳಿತುಕೊಳ್ಳುವವನು ನಾನೊಬ್ಬನೇ ಆಗಿದ್ದೆ. ಮಕ್ಕಳನ್ನು ಗದರಿಸಲಿಲ್ಲ. ಮುಂದಿನ ದಶಲಕ್ಷಣ ಪರ್ವದವರೆಗೆ ಒಂದು ನಿಯಮ ಮಾಡೋಣವೆಂದು ಎಲ್ಲರೂ ಕುಳಿತು ಮಾತನಾಡಿದೆವು. ವಾರಕ್ಕೆ ಒಂದು ಚಿತ್ರ. ಯಾವುದೆಂಬುದನ್ನು ಪರದೆ ಬೆಳಗುವ ಮೊದಲೇ ನಿಶ್ಚಯಿಸಬೇಕು. ತಾನಾಗಿ ಮುಂದುವರಿಯುವ ಏರ್ಪಾಡನ್ನು ಆರಿಸಿಡಬೇಕು. ಸಾಮಾಯಿಕ ಮೊದಲು, ಚಿತ್ರ ಆಮೇಲೆ. ಮೊಮ್ಮಗ ವಾರಕ್ಕೆ ಎರಡು ಬೇಕೆಂದ. ಪರೀಕ್ಷೆ ಇಲ್ಲದ ವಾರಗಳಲ್ಲಿ ಆಗಬಹುದೆಂದು ಒಪ್ಪಿದೆವು.

ಅಳತೆ ಚಿಕ್ಕದೋ ದೊಡ್ಡದೋ ಎಂಬುದು ಮುಖ್ಯವಲ್ಲ. ಅದು ನಮ್ಮದೇ ಆಗಿರಬೇಕು, ಹಾಕಿಕೊಂಡ ಮೇಲೆ ಮೀರಕೂಡದು. ಓದುಗ ಬಂಧುಗಳು ತಮ್ಮ ತಮ್ಮ ಮನೆಗಳಲ್ಲಿಯೂ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಇಂತಹದೊಂದು ಪರಿಮಾಣವನ್ನು ಆಲೋಚಿಸಲಿ.