ನೀರು ಹರಿದತ್ತ ಸೈಕಲ್ಲು

ಶ್ರೀರಂಗಪಟ್ಟಣವನ್ನು ಕಾರಿನಲ್ಲಿ ಸುತ್ತಿದವರಿಗೆ ಅದೊಂದು ದ್ವೀಪ ಎಂಬುದು ಗಮನಕ್ಕೇ ಬರುವುದಿಲ್ಲ. ಸೇತುವೆ ಬಂತು, ಹೋಯಿತು, ಅಷ್ಟೇ. ಸೈಕಲ್ಲಿನಲ್ಲಿ ಹೋದರೆ ಕಾವೇರಿ ಎರಡು ಕವಲಾಗಿ ಊರನ್ನು ಬಳಸಿಕೊಂಡು ಹೋಗಿ, ಪೂರ್ವದ ತುದಿಯ ಸಂಗಮದಲ್ಲಿ ಮತ್ತೆ ಒಂದಾಗುವುದು ಚೆನ್ನಾಗಿ ಕಾಣುತ್ತದೆ. ಕಳೆದ ಚಳಿಗಾಲದಲ್ಲಿ ಹತ್ತು ವರ್ಷದ ಮೊಮ್ಮಗಳೂ ಅರವತ್ತೆಂಟರ ನಾನೂ ಅಲ್ಲಿ ಒಂದು ದಿನ ಸೈಕಲ್ ತುಳಿದೆವು. ಅದಕ್ಕೆ ಮುಂಚೆ ಮೂರು ಸಂಜೆ ದಾರಿ ಗೊತ್ತುಮಾಡುವುದರಲ್ಲೇ ಕಳೆಯಿತು. ಆ ಮೂರು ಸಂಜೆಗಳೂ ಸವಾರಿಯಷ್ಟೇ ಚೆನ್ನಾಗಿದ್ದವು ಎಂದರೆ ಅವಳು ಒಪ್ಪಲಾರಳು.

ಅವಳಿಗೆ ಹಕ್ಕಿ ಬೇಕು, ಬೆಟ್ಟ ಬೇಕು, ಆಲೆಮನೆಯ ಬಿಸಿ ಬೆಲ್ಲ ಬೇಕು. ನನ್ನದು ಒಂದೇ ಷರತ್ತು: ಮೊಣಕಾಲಿಗೆ ನೋವಾಗಬಾರದು.

ನಕ್ಷೆ ನೋಡುತ್ತಾ ಅವಳು ಕೇಳಿದಳು: “ತಾತ, ರಸ್ತೆಯೆಲ್ಲ ನೆಟ್ಟಗಿದೆ. ಈ ನೀಲಿ ಗೆರೆ ಮಾತ್ರ ಯಾಕೆ ಹಾವಿನ ಥರ ಸೊಟ್ಟಪಟ್ಟ ಹೋಗಿದೆ?”

ಅದು ನಾಲೆ. ನೀರು ಗುಡ್ಡ ಹತ್ತುವುದಿಲ್ಲ, ಹತ್ತಿಸುವುದಕ್ಕೆ ಆ ಕಾಲದಲ್ಲಿ ಪಂಪೂ ಇರಲಿಲ್ಲ. ಆದ್ದರಿಂದ ನಾಲೆ ತೋಡಿದವರು ದಿಬ್ಬ ಎದುರಾದಲ್ಲೆಲ್ಲ ಅದರ ಪಕ್ಕಕ್ಕೆ ಸರಿದು, ಒಂದೇ ಮಟ್ಟದಲ್ಲಿ, ಕಂಡೂ ಕಾಣದಷ್ಟು ಇಳಿಜಾರು ಕೊಟ್ಟು ನೀರನ್ನು ಕರೆದೊಯ್ದರು. ಈ ಸೀಮೆಯ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜಸಾಗರ ನಾಲೆ ಎರಡೂ 17ನೇ ಶತಮಾನದವು; ಮೈಸೂರು ಅರಸರ ಕಾಲದವು. ಬಂಗಾರದೊಡ್ಡಿ ನಾಲೆಯಂತೂ ನದಿಯ ಒಂದು ಕವಲನ್ನೇ ಕಟ್ಟೆಯ ಮೇಲಿಂದ ದಾಟಿ ದ್ವೀಪಕ್ಕೆ ಬರುತ್ತದೆ! ನೀರಿನ ಮೇಲೆ ನೀರು. ಏರು ಬೇಡವೆನ್ನುವ ಸೈಕಲ್ ಸವಾರರಿಗೆ ನಾಲೆಗಿಂತ ಒಳ್ಳೆಯ ದಾರಿ ತೋರುವವರು ಇಲ್ಲ. ನಾಲೆ ಜೊತೆಗೆ ಸಾಗುವ ಹಾದಿ ಸುತ್ತುಬಳಸು ನಿಜ, ಆದರೆ ಮಟ್ಟಸ.

ಆದರೆ ಅಜ್ಜ ಅಜ್ಜಿಯರು ಇಲ್ಲೊಂದು ಮಾತು ಕೇಳಬೇಕು. ತುಂಬಿ ಹರಿಯುವ ನಾಲೆ ನೋಡುವುದಕ್ಕೆ ಸಾಧು, ಒಳಗೆ ಸೆಳೆತ ಜೋರು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ನಾವು ದೊಡ್ಡ ನಾಲೆಯ ಏರಿಯನ್ನು ಪೂರ್ತಿ ಬಿಟ್ಟೆವು. ಚಿಕ್ಕ ನಾಲೆಯ ಪಕ್ಕದಲ್ಲೂ ಮಗು ಗದ್ದೆಯ ಕಡೆ, ದೊಡ್ಡವರು ನೀರಿನ ಕಡೆ. ಏರಿ ಕಿರಿದಾದರೆ ಇಳಿದು ತಳ್ಳುವುದು. ಈ ನಿಯಮಕ್ಕೆ ಚೌಕಾಸಿ ಇಲ್ಲ.

ಇನ್ನೊಂದು ತೊಡಕು ಹೆದ್ದಾರಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ಬೈಕು, ಆಟೋ, ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಕೆಳಸೇತುವೆಯಲ್ಲೇ ದಾಟಬೇಕು. ಎಲ್ಲೆಲ್ಲಿ ದಾಟುವುದೆಂದು ಮೊದಲೇ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಡಿ. ಉಳಿದ ದಾರಿ ತಪ್ಪಿದರೂ ಚಿಂತೆಯಿಲ್ಲ, ಯಾರನ್ನಾದರೂ ಕೇಳಬಹುದು.

ನೆಲದ ಬಗೆಯನ್ನು ನಕ್ಷೆ ಹೇಳುವುದಿಲ್ಲ. ಅದೇ ಗೆರೆ ಡಾಂಬರೂ ಆಗಿರಬಹುದು, ಜಲ್ಲಿಯೂ ಆಗಿರಬಹುದು, ಎತ್ತಿನಗಾಡಿಯ ಜಾಡೂ ಆಗಿರಬಹುದು. ಕಬ್ಬಿನ ಲೋಡು ಹೊತ್ತ ಟ್ರ್ಯಾಕ್ಟರು ಓಡಾಡಿದ ಮಣ್ಣುದಾರಿ ಒಣಗಿದ್ದರೆ ಗುಂಡಿ, ನೆನೆದಿದ್ದರೆ ಅಂಟು. ಚಕ್ರ, ಬ್ರೇಕು ಎಲ್ಲ ಮೆತ್ತಿಕೊಂಡು ಸೈಕಲ್ಲನ್ನು ಹೊತ್ತುಕೊಂಡೇ ಬರಬೇಕಾಗುತ್ತದೆ. ಮಳೆ ನಿಂತು ನಾಲ್ಕು ದಿನವಾದರೂ ಆಗಲಿ. ಬೀದಿ ಬದಿಯ ಟೀ ಅಂಗಡಿಯಲ್ಲಿ ಕೇಳಿದರೆ ಯಾವ ಫೋನಿಗಿಂತಲೂ ಸರಿಯಾದ ಉತ್ತರ ಸಿಗುತ್ತದೆ. ನಮಗೆ ಒಬ್ಬರು, “ಆ ಕಡೆ ಬ್ಯಾಡ ಯಜಮಾನ್ರೇ, ಗದ್ದೆಗೆ ನೀರು ಬಿಟ್ಟವ್ರೆ. ಈ ಕಡೆಯಿಂದ ಹೋಗಿ, ನೆಳ್ಳೂ ಅದೆ” ಎಂದರು. ನೆರಳೂ ಇತ್ತು.

ಡಾಂಬರು ರಸ್ತೆಯಲ್ಲೂ ಒಂದು ವಿಶೇಷವುಂಟು. ಸುಗ್ಗಿಯಲ್ಲಿ ರೈತರು ಹುರುಳಿ, ರಾಗಿಯನ್ನು ರಸ್ತೆಗೇ ಹರಡಿರುತ್ತಾರೆ; ಗಾಡಿಗಳು ಹಾದು ಒಕ್ಕಣೆ ಆಗಲಿ ಎಂದು. ಕಾರಿಗೆ ಏನೂ ಆಗದು. ಸೈಕಲ್ಲಿನ ಮುಂದಿನ ಚಕ್ರ ಮಾತ್ರ ಸರ್ರನೆ ಜಾರುತ್ತದೆ, ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು, ಪಕ್ಕದಲ್ಲಿ ನಡೆದು ದಾಟುವುದೇ ಸರಿ. ಅದು ಅವರ ಅನ್ನ ಕೂಡ.

ಕೋಟೆಯಿಂದ ಪಶ್ಚಿಮಕ್ಕೆ ರಂಗನತಿಟ್ಟು, ಪೂರ್ವಕ್ಕೆ ಸಂಗಮ, ಈಶಾನ್ಯಕ್ಕೆ ಕರಿಘಟ್ಟ. ಪ್ರತಿಯೊಂದೂ ನಾಲ್ಕೈದು ಕಿಲೋಮೀಟರು. ಮೂರನ್ನೂ ಮುಗಿಸಿದರೆ ಸುಮಾರು 25. ಬೆಳಿಗ್ಗೆ ಪಶ್ಚಿಮಕ್ಕೆ ಹೊರಟರೆ ಬಿಸಿಲು ಬೆನ್ನಿಗೆ. ಹಾಗಾಗಿ ರಂಗನತಿಟ್ಟು ಮೊದಲು. ನದಿಗೆ ಕಟ್ಟೆ ಕಟ್ಟಿದ್ದರಿಂದ ಉಂಟಾದ ನಡುಗಡ್ಡೆಗಳು ಇವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವೆಂಬ ಮನ್ನಣೆಯೂ ಸಿಕ್ಕಿತು. ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಹಕ್ಕಿ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ಮೊಸಳೆ ಕಂಡ ಮೇಲೆ ಮೊಮ್ಮಗಳು ನದಿಗೆ ಕಾಲು ಇಳಿಬಿಡುವ ಮಾತೇ ಆಡಲಿಲ್ಲ.

ನಡುಮಧ್ಯಾಹ್ನ ತುಳಿಯಬಾರದು. ಬುತ್ತಿ ಬಿಚ್ಚಿ ಉಂಡು, ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಗೋಡೆಚಿತ್ರ ನೋಡಿ, ಅಲ್ಲಿನ ಮರದ ನೆರಳಲ್ಲಿ ಕೂತೆವು. ಮೂರರ ಹೊತ್ತಿಗೆ ಒಂದನ್ನು ಆರಿಸಬೇಕಾಯಿತು: ಸಂಗಮವೋ, ಕರಿಘಟ್ಟವೋ? ಎರಡಕ್ಕೂ ಹೋಗುವಷ್ಟು ಕಾಲಿನಲ್ಲಿ ಶಕ್ತಿ ಉಳಿದಿರಲಿಲ್ಲ, ನನ್ನ ಕಾಲಿನಲ್ಲಂತೂ ಖಂಡಿತ. ಯಾರಿಗೆ ದಣಿವಾದರೂ ಹೇಳಬೇಕು, ಇನ್ನೊಬ್ಬರು ವಾದ ಮಾಡಬಾರದು ಎಂದು ಮನೆಯಲ್ಲೇ ಒಪ್ಪಂದವಾಗಿತ್ತು. ನಾನು ಹೇಳಿದೆ. ಅವಳು ಸ್ವಲ್ಪ ಮುಖ ಊದಿಸಿ, ಕೊನೆಗೆ ಬೆಟ್ಟವನ್ನೇ ಆರಿಸಿದಳು.

ಕಿರಂಗೂರಿನ ಬಳಿ ಬನ್ನೂರಿನ ಕಡೆಗೆ ತಿರುಗಿದರೆ ಇಕ್ಕೆಲದಲ್ಲೂ ಕಬ್ಬು, ಬತ್ತ. ದಾರಿಯ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಆಗತಾನೇ ಇಳಿಸಿದ ಬೆಲ್ಲವನ್ನು ಎಲೆಯ ಮೇಲೆ ಹಾಕಿ ಕೊಟ್ಟರು. ಲೋಕಪಾವನಿ ಹೊಳೆ ದಾಟಿದೊಡನೆ ಕರಿಘಟ್ಟ. ಮೇಲೆ ಶ್ರೀನಿವಾಸನ ಗುಡಿ. ಸೈಕಲ್ಲನ್ನು ಕೆಳಗೇ ಬೀಗ ಹಾಕಿ ನಿಲ್ಲಿಸಿ, ಮೆಟ್ಟಿಲನ್ನು ನಿಧಾನವಾಗಿ ಹತ್ತಿ. ಐದು ಗಂಟೆಗೆಲ್ಲ ಇಳಿದುಬಿಡಿ; ಹಿಂದಿರುಗುವಾಗ ಮುಳುಗುವ ಸೂರ್ಯ ನಿಮ್ಮ ಕಣ್ಣಿಗೂ ಲಾರಿ ಓಡಿಸುವವರ ಕಣ್ಣಿಗೂ ನೇರ ಹೊಡೆಯುತ್ತದೆ.

ಮೇಲಿನಿಂದ ಕಾವೇರಿಯೂ ದ್ವೀಪವೂ ಚಿತ್ರ ಬಿಡಿಸಿದಂತೆ ಕಂಡವು. ಮೊಮ್ಮಗಳು ಬೆರಳಿಟ್ಟು ತೋರಿಸಿದ್ದು ಮಾತ್ರ ಬೇರೆಯದು: ಬೂದು ಬಣ್ಣದ ಒಣ ದಿಬ್ಬ ಮುಗಿಯುವ ಕಡೆ, ಯಾರೋ ಗೆರೆ ಎಳೆದ ಹಾಗೆ ಶುರುವಾಗುವ ಹಸಿರು. “ತಾತ, ಆ ಗೆರೆ ಇರೋದೇ ನಾಲೆ ಅಲ್ವಾ?”