ಒಂದು ಕಾರ್ಡಿನಲ್ಲಿ ಇಬ್ಬರು ಓದುಗರು

ಹಾಸನದಲ್ಲೇ ಮನೆ ಇರುವ ಗೆಳತಿಯರು ಬೆಲ್ ಹೊಡೆದ ಕೂಡಲೇ ಹೊರಡುತ್ತಾರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬರುವ ನಾವು ಮಾತ್ರ ಲೈಬ್ರರಿಗೆ ಹೋಗಿ ಕೂರುತ್ತೇವೆ. ಓದಬೇಕು ಅಂತಲ್ಲ, ಬಸ್ಸಿಗೆ ಇನ್ನೂ ಹೊತ್ತಿದೆ ಅಂತ. ನಾನು ಮೊದಲ ಸಲ ಅಲ್ಲಿಗೆ ಹೋದದ್ದೂ ಹಾಗೆಯೇ. ಹೊರಗೆ ಮಳೆ, ಒಳಗೆ ಫ್ಯಾನು, ಕೂರಲು ಬೆಂಚು.

ನಮ್ಮ ಲೈಬ್ರರಿ ಮೇಡಂ ತಮ್ಮ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಬಸ್ಸಿನ ಸಮಯಗಳನ್ನೆಲ್ಲ ಬರೆದುಕೊಂಡಿದ್ದಾರೆ. ಹೊಳೆನರಸೀಪುರ, ಚನ್ನರಾಯಪಟ್ಟಣದವರಿಗೆ ಬಸ್ಸು ತಪ್ಪಿದರೆ ರೈಲಾದರೂ ಇದೆ, ಅರಕಲಗೂಡಿನವರಿಗೆ ಬಸ್ಸೇ ಗತಿ. ಹಾಗಾಗಿ "ಅರಕಲಗೂಡಿನವರು ಏಳ್ರಮ್ಮಾ, ಬಸ್ ಬಂತು" ಅಂತ ಅವರೇ ಎಬ್ಬಿಸುತ್ತಾರೆ. ಲೈಬ್ರರಿಯಲ್ಲಿ ಮಾತಾಡಬಾರದು ಅನ್ನುವ ನಿಯಮ ಅವರಿಗೆ ಅನ್ವಯಿಸುವುದಿಲ್ಲ!

ಪ್ರಥಮ ಪಿಯುಸಿಯಲ್ಲಿ ನಾನು ಅಕೌಂಟೆನ್ಸಿ ಗೈಡ್ ಕೇಳಿದೆ. ಕೊಟ್ಟರು. "ಎರಡು ಪುಸ್ತಕ ತಗೋಬಹುದು, ಇದೂ ಇರಲಿ" ಅಂತ ಒಂದು ಕಥಾಸಂಕಲನವನ್ನೂ ಕೊಟ್ಟರು. ಬೇಡ ಅನ್ನಲು ಧೈರ್ಯ ಬರಲಿಲ್ಲ. ಮನೆಗೆ ಒಯ್ದೆ, ಬ್ಯಾಗಿನಿಂದ ತೆಗೆಯಲೇ ಇಲ್ಲ. ತೆಗೆದವಳು ನಮ್ಮ ಆಪಾ.

ಆಪಾ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್. ಕನ್ನಡದಲ್ಲಿ ನನಗಿಂತ ಹದಿಮೂರು ಅಂಕ ಜಾಸ್ತಿ, ಅದನ್ನು ಇವತ್ತಿಗೂ ಹೇಳುತ್ತಾಳೆ. ಆ ವರ್ಷ ಅಬ್ಬಾಗೆ ಕೆಲಸ ಸರಿಯಾಗಿರಲಿಲ್ಲ, ಅಮ್ಮಿಗೆ ಆಪರೇಷನ್ ಆಯಿತು, ಮನೆಯಲ್ಲಿ ಯಾರಾದರೂ ಇರಬೇಕಿತ್ತು. ಯಾರೂ ಆಪಾಗೆ ಓದಬೇಡ ಅನ್ನಲಿಲ್ಲ. ಅಡ್ಮಿಷನ್ನಿನ ತಾರೀಖು ಮುಗಿದುಹೋಯಿತು, ಅಷ್ಟೇ. ಈಗ ಅವಳು ಸೀರೆಗೆ ಫಾಲ್ ಹಾಕುತ್ತಾಳೆ, ಕುಚ್ಚು ಕಟ್ಟುತ್ತಾಳೆ. ನನ್ನ ಕಾಲೇಜಿನ ಖರ್ಚಿನ ದುಡ್ಡು ಆ ಕುಚ್ಚಿನದ್ದು.

ಪುಸ್ತಕ ಹಿಂತಿರುಗಿಸುವಾಗ ಮೇಡಂ ಪ್ರತಿ ಪುಟ ತಿರುವಿ ನೋಡುತ್ತಾರೆ. ಅಲ್ಲಲ್ಲಿ ಸಾಲಿನ ಪಕ್ಕ ಸಣ್ಣ ಪೆನ್ಸಿಲ್ ಚುಕ್ಕಿ ಕಂಡಿತು. "ಇದು ಯಾರು ಇಟ್ಟಿದ್ದಮ್ಮಾ?" ಅಂದರು. ದಂಡ ಹಾಕುತ್ತಾರೆ ಅಂತ ಹೆದರಿ "ಮೊದಲೇ ಇತ್ತು ಮೇಡಂ" ಅಂದೆ. ಅವರು ಹಿಂದಿನ ದಿನಾಂಕದ ಚೀಟಿ ತೋರಿಸಿದರು. ಅದರಲ್ಲಿ ಇದ್ದದ್ದು ಒಂದೇ ತಾರೀಖು, ನನ್ನದು. ಆ ಪುಸ್ತಕವನ್ನು ನನಗಿಂತ ಮೊದಲು ಯಾರೂ ತೆಗೆದುಕೊಂಡೇ ಇರಲಿಲ್ಲ.

ಅಳು ಬಂತು. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ರಬ್ಬರ್ ತಗೊಂಡು ಅಳಿಸಿಬಿಡು. ಆಮೇಲೆ ಆಪಾಗೆ ಎಂಥ ಪುಸ್ತಕ ಇಷ್ಟ ಅಂತ ಕೇಳ್ಕೊಂಡು ಬಾ" ಅಂದರು. ಅವತ್ತು ಸಂಜೆ ಆಪಾಗೆ ಹೇಳಿದರೆ ಅವಳು ಸೂಜಿ ಕೆಳಗಿಟ್ಟಳು. ನಿನಗೆ ಏನು ಇಷ್ಟ ಅಂತ ಅವಳನ್ನು ಮನೆಯಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಿರಲಿಲ್ಲ.

ಅಲ್ಲಿಂದ ನನ್ನ ಕಾರ್ಡಿನ ಎರಡು ಪುಸ್ತಕಗಳಲ್ಲಿ ಒಂದು ನನ್ನದು, ಒಂದು ಆಪಾದು. ಲೈಬ್ರರಿಗಳಲ್ಲಿ ಬಳಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಪುಸ್ತಕದ ಬೆನ್ನಿನ ಮೇಲಿನ ಚೀಟಿ ನೋಡಿ ಆಪಾ ಅದನ್ನು ಕಲಿತುಬಿಟ್ಟಳು. "894.814 ಇನ್ನೊಂದು ತಾ" ಅನ್ನುತ್ತಾಳೆ, ಅಂಗಡಿಯಲ್ಲಿ ದಾರದ ನಂಬರ್ ಹೇಳುವ ಹಾಗೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಪುಸ್ತಕಕ್ಕೆ ಸಿಕ್ಕಿದ್ದು. ಕನ್ನಡಕ್ಕೆ ಆ ಪ್ರಶಸ್ತಿ ಮೊದಲ ಸಲ. ಅದೂ ನಮ್ಮ ಹಾಸನದವರು! ಜೂನ್‌ನಲ್ಲಿ ಕಾಲೇಜು ತೆರೆದಾಗ ಎಲ್ಲರೂ ಲೈಬ್ರರಿಗೆ ನುಗ್ಗಿದರು. ಇದ್ದದ್ದು ಅವರ ಕಥೆಗಳ ಒಂದೇ ಹಳೆಯ ಪ್ರತಿ. ಮೇಡಂ ರಟ್ಟಿನ ಮೇಲೆ ಸರದಿಯ ಪಟ್ಟಿ ಬರೆದು ತೂಗುಹಾಕಿದರು. ನಮ್ಮ ಉಪನ್ಯಾಸಕರೊಬ್ಬರ ಹೆಸರು ಪ್ರಥಮ ಪಿಯುಸಿ ಹುಡುಗಿಯ ಕೆಳಗೆ ಇತ್ತು. ಅವರು ಕೇಳಿಯೂ ನೋಡಿದರು, ಪಟ್ಟಿ ಮೇಲೆ ಕೆಳಗೆ ಆಗಲಿಲ್ಲ.

ನನ್ನ ಸರದಿ ಬಂದಾಗ ಆಪಾ ರಾತ್ರಿ ಊಟ ಆದ ಮೇಲೆ ಗಟ್ಟಿಯಾಗಿ ಓದಿದಳು. ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ಮಾತಾಡುತ್ತಾರೆ ಆದರೆ ಓದಲು ಬರುವುದಿಲ್ಲ. ತಿಳಿಯದ ಕಡೆ ಆಪಾ ನಮ್ಮ ಮನೆಮಾತಿನಲ್ಲಿ ಹೇಳುತ್ತಾ ಹೋದಳು. 'ಎದೆಯ ಹಣತೆ' ಕಥೆಯಲ್ಲಿ ಗಂಡ ಕೈಬಿಟ್ಟ ಮೆಹರುನ್ ತವರಿಗೆ ಬರುತ್ತಾಳೆ, ತವರಿನವರು ವಾಪಸ್ ಕಳಿಸುತ್ತಾರೆ. ಪ್ರಾಣ ಕಳೆದುಕೊಳ್ಳಲು ಹೊರಟವಳನ್ನು ಮಗಳು ಸಲ್ಮಾ ತಡೆಯುತ್ತಾಳೆ. ಓದಿ ಮುಗಿದಾಗ ಅಮ್ಮಿ ಏನೂ ಅನ್ನದೆ ಎದ್ದು ಪಾತ್ರೆ ತೊಳೆಯಲು ಹೋದರು. ಮರುದಿನ ಬೆಳಿಗ್ಗೆ ನನಗೆ ಡಬ್ಬಿ ಕಟ್ಟುವಾಗ "ಉರ್ದು ಕಿತಾಬೂ ಇರ್ತಾವಾ ನಿಮ್ಮ ಲೈಬ್ರರೀಲಿ?" ಅಂದರು.

ಮೇಡಂಗೆ ಉರ್ದು ಅಕ್ಷರ ಬರುವುದಿಲ್ಲ. ಉರ್ದು ಸರ್ ಅವರನ್ನು ಕರೆದು ಬೀರು ತೆಗೆಸಿದರು. ಆ ಬೀರುವಿನ ಕೀಲಿಗೆ ಎಣ್ಣೆ ಹಾಕಬೇಕಾಯಿತು ಅನ್ನುವುದನ್ನೂ ಬರೆದೇಬಿಡುತ್ತೇನೆ. ಹಾಗೆಯೇ ವೇಳಾಪಟ್ಟಿಯಲ್ಲಿರುವ ಲೈಬ್ರರಿ ಪೀರಿಯಡ್ಡು ಪರೀಕ್ಷೆ ಹತ್ತಿರ ಬಂದ ಕೂಡಲೇ ಮಾಯವಾಗುತ್ತದೆ ಅನ್ನುವುದನ್ನೂ.

ಆಗಸ್ಟ್ 12 ಎಸ್. ಆರ್. ರಂಗನಾಥನ್ ಅವರ ಹುಟ್ಟುಹಬ್ಬ, ಗ್ರಂಥಪಾಲಕರ ದಿನ. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೇಡಂ ಅವತ್ತು ಸೂತ್ರ ಹೇಳುವುದು ಬಿಟ್ಟು ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಅವರ ಕಥೆ ಹೇಳಿದರು. ಅವರು ಕೂಲಿ ಕಾರ್ಮಿಕರು, ಶಾಲೆಗೆ ಹೋದವರಲ್ಲ. ತಾನು ಓದಲಿಲ್ಲ, ಬೇರೆಯವರಾದರೂ ಕನ್ನಡ ಓದಲಿ ಅಂತ 2011ರಲ್ಲಿ ಗ್ರಂಥಾಲಯ ಶುರು ಮಾಡಿದರು. ದುಡಿದ ದುಡ್ಡಿನಲ್ಲೇ ದಿನಪತ್ರಿಕೆ ತರಿಸುತ್ತಿದ್ದರು. ಸುಮಾರು 11,000 ಪುಸ್ತಕ ಸೇರಿದ್ದವು. ಕುರ್‌ಆನ್, ಭಗವದ್ಗೀತೆ, ಬೈಬಲ್ ಎಲ್ಲ ಒಂದೇ ಸೂರಿನಡಿ. 2021ರ ಏಪ್ರಿಲ್ 9ರ ಬೆಳಗಿನ ಜಾವ ಎಲ್ಲ ಸುಟ್ಟುಹೋಯಿತು. ಮತ್ತೆ ಕಟ್ಟುತ್ತೇನೆ ಅಂದರು. ಜನ ಬೇರೆ ಬೇರೆ ಊರುಗಳಿಂದ ಪುಸ್ತಕ, ಹಣ ಕೊಡಲು ಮುಂದೆ ಬಂದರು.

ಇದನ್ನು ಮನೆಯಲ್ಲಿ ಹೇಳಿದೆ. ಅಬ್ಬಾ ಸಾಮಾನ್ಯವಾಗಿ ನನ್ನ ಕಾಲೇಜಿನ ಮಾತಿಗೆ ಕಿವಿಗೊಡುವುದಿಲ್ಲ. ಅವತ್ತು ಮಾತ್ರ "ಎಷ್ಟು ಪುಸ್ತಕ ಸುಟ್ಟಿತು ಅಂದೆ?" ಅಂತ ಎರಡು ಸಲ ಕೇಳಿದರು.

ಪೋಷಕರ ಸಭೆಗೆ ಅಮ್ಮಿ ಬಂದರು. ನನ್ನ ಅಂಕಪಟ್ಟಿ ನೋಡಿದ್ದು ಐದು ನಿಮಿಷ, ಲೈಬ್ರರಿಯಲ್ಲಿ ಕೂತದ್ದು ಮುಕ್ಕಾಲು ಗಂಟೆ. ಮೇಡಂ ಆಪಾ ಓದಿನ ವಿಷಯ ಎತ್ತುತ್ತಾರೆ ಅಂತ ನಾನು ಕಾದೆ. ಅವರು ಉರ್ದು ಪುಸ್ತಕ ಹೇಗಿತ್ತು, ಅಕ್ಷರ ಸಣ್ಣದಾಯಿತಾ, ಕಣ್ಣಿಗೆ ತೋರಿಸಿದ್ದೀರಾ ಅಂತಲೇ ಕೇಳುತ್ತಿದ್ದರು. ಕೊನೆಗೆ ಅಮ್ಮಿಯೇ ಅಂದರು, "ದೊಡ್ಡವಳು ಓದ್ಬೇಕಿತ್ತು ಮೇಡಂ, ನನ್ನಿಂದ ನಿಂತುಹೋಯ್ತು."

"ನಿಂತಿಲ್ಲಮ್ಮಾ, ವಾರಕ್ಕೊಂದು ಪುಸ್ತಕ ಓದ್ತಾಳೆ" ಅಂದರು ಮೇಡಂ. ಆಮೇಲೆ ಡ್ರಾಯರ್ ತೆಗೆದು ಒಂದು ಹಾಳೆ ಕೊಟ್ಟರು. ಎಸ್ಸೆಸ್ಸೆಲ್ಸಿ ಪಾಸಾಗಿ ಓದು ಬಿಟ್ಟವರು ಕಾಲೇಜಿಗೆ ಬಾರದೆಯೇ ಖಾಸಗಿ ಅಭ್ಯರ್ಥಿಯಾಗಿ ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಪರೀಕ್ಷೆ ಕಟ್ಟುವುದು ಹೇಗೆ ಅಂತ ಅವರದೇ ಕೈಬರಹದಲ್ಲಿ ಬರೆದಿತ್ತು. ಶಾಯಿ ಹಳೆಯದಾಗಿತ್ತು. ಎಷ್ಟು ತಿಂಗಳಿಂದ ಅಲ್ಲೇ ಇಟ್ಟುಕೊಂಡಿದ್ದರೋ!

ಅಬ್ಬಾ ಇನ್ನೂ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಆಪಾ ಮಾತ್ರ ಆಗಲೇ ಕಲಾ ವಿಭಾಗ ಅಂತ ತೀರ್ಮಾನ ಮಾಡಿಯಾಗಿದೆ. ನನ್ನ ಅಕೌಂಟೆನ್ಸಿ ಪುಸ್ತಕ ಒಂದು ದಿನ ತಿರುವಿ ನೋಡಿ ವಾಪಸ್ ಇಟ್ಟಳು. ಅವಳಿಗೆ ಬೇಕಾದ ಇತಿಹಾಸದ ಪಠ್ಯಪುಸ್ತಕದ ಎರಡೂ ಪ್ರತಿ ರಿಜಿಸ್ಟರಿನ ಪ್ರಕಾರ ಹೊರಗೆ ಇವೆ, ಅವಧಿಯೂ ಮುಗಿದಿದೆ. ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ವಾರ ಹಿಂತಿರುಗಿಸಿ. ಸರದಿ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು ಇದೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ