ಹೊಟ್ಟೆಯಲ್ಲಿ ನೀರಿಟ್ಟುಕೊಂಡ ಕಂಪ್ಯೂಟರು

ಕಂಪ್ಯೂಟರಿಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದು ನಮ್ಮ ತಲೆಮಾರಿನವರ ತಲೆಯಲ್ಲಿ ಗಟ್ಟಿಯಾಗಿ ಕೂತ ಸಂಗತಿ. ತೊಂಬತ್ತರ ದಶಕದಲ್ಲಿ ನಾನು ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೇರಿದ ಕಾಲಕ್ಕೆ ಕಂಪ್ಯೂಟರ್ ಕೋಣೆಯೆಂದರೆ ಗರ್ಭಗುಡಿ. ಚಪ್ಪಲಿ ಹೊರಗೆ ಬಿಡಬೇಕು. ಕಿಟಕಿಗೆ ದಪ್ಪ ಪರದೆ. ಪ್ರಿನ್ಸಿಪಾಲರ ಕೋಣೆಗೂ ಇಲ್ಲದ ಏರ್ ಕಂಡಿಷನರ್ ಅದಕ್ಕಿತ್ತು. ನೀರಿನ ಲೋಟ ಹಿಡಿದು ಹೊಸ್ತಿಲು ದಾಟಿದವನ ಗತಿ ದೇವರಿಗೇ ಪ್ರೀತಿ. ಆದ್ದರಿಂದ 2023ರ ಬೇಸಿಗೆಯಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಮಗ, 'ಅಪ್ಪಾಜಿ, ಹೊಸ ಕಂಪ್ಯೂಟರಿನ ಒಳಗೆ ನೀರು ಹರಿಸೋಣ ಅಂತಿದೀನಿ' ಎಂದಾಗ ಬಡಿಸುತ್ತಿದ್ದ ನನ್ನವಳ ಸೌಟು ಗಾಳಿಯಲ್ಲೇ ನಿಂತಿತು.

ಅವನ ಕೆಲಸವನ್ನು ಸ್ವಲ್ಪ ಹೇಳಬೇಕು. ಇನ್ನೂ ಪಾಯ ತೋಡದ ಮನೆಯನ್ನು ಕಟ್ಟಿ, ಬಣ್ಣ ಬಳಿದು, ಸೋಫಾ ಹಾಕಿ, ಕಿಟಕಿಯಿಂದ ಸಂಜೆ ಬಿಸಿಲು ಬಿದ್ದಂತೆ ಚಿತ್ರ ಮಾಡಿ ಕೊಡುವುದು. ತ್ರೀಡಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಸಂಬಳಕ್ಕಿದ್ದವನು 2020ರ ಲಾಕ್‌ಡೌನಿನಲ್ಲಿ ದಾವಣಗೆರೆಗೆ ಬಂದ. ಇಲ್ಲೇ ಕೂತು ಸ್ವಂತಕ್ಕೆ ಶುರುಮಾಡಿದ. ಚಿತ್ರದ ಒಂದೊಂದು ಬಿಸಿಲ ಕಿರಣ ಎಲ್ಲಿ ಬಡಿದು ಎಲ್ಲಿಗೆ ಚಿಮ್ಮಿತು ಎಂಬ ಲೆಕ್ಕವನ್ನೆಲ್ಲ ಯಂತ್ರ ಮಾಡಬೇಕು. ಅದು ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ ನಡೆಯುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಅವನ ಹಳೆಯ ಯಂತ್ರ ಏದುಸಿರು ಬಿಡತೊಡಗಿತ್ತು. ಚಿಪ್ಪು ತನ್ನ ಮಿತಿ ಮುಟ್ಟಿದೊಡನೆ ಸುಟ್ಟುಹೋಗದಿರಲೆಂದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಆರು ಗಂಟೆಯ ಕೆಲಸ ಒಂಬತ್ತು ಗಂಟೆಗೆ ಹೋಯಿತು. ಎರಡು ಸಲ ಮಾತು ತಪ್ಪಿ, ಒಂದು ಗಿರಾಕಿ ಕೈಬಿಟ್ಟಿತು. 'ಈ ಬೇಸಿಗೆ ನೋಡ್ತೀನಿ. ಆಗಲಿಲ್ಲ ಅಂದರೆ ವಾಪಸ್ ಬೆಂಗಳೂರೇ' ಎಂದಿದ್ದ. ಅವನ ತಾಯಿ ಅದಕ್ಕೆ ಏನೂ ಹೇಳಲಿಲ್ಲ. ಏನೂ ಹೇಳದಿದ್ದಾಗಲೇ ಅವಳು ಹೆಚ್ಚು ಹೇಳುವುದು ಎಂಬುದು ನನಗೆ ಇಪ್ಪತ್ತೆಂಟು ವರ್ಷದ ಅನುಭವ.

ಹೀಗಾಗಿ ದಾವಣಗೆರೆಯ ಶಾಖ ನಮ್ಮ ಮನೆಯ ಪ್ರಶ್ನೆಯಾಯಿತು. ಮಗನ ಕಸುಬು ನನಗೆ ಅರ್ಥವಾಗುವುದಿಲ್ಲ. ಶಾಖ ಮಾತ್ರ ನನ್ನ ವಿಷಯ.

ಮೊದಲು ಶಾಖದ ಅಳತೆ ತಿಳಿಯೋಣವೆಂದು ಕಾಗದ ತೆಗೆದುಕೊಂಡೆ. ಅವನು ಆರಿಸಿದ್ದ ಎಎಂಡಿ ಕಂಪನಿಯ ರೈಜನ್ 9 7950ಎಕ್ಸ್ ಪ್ರೊಸೆಸರ್ ಪೂರ್ತಿ ದುಡಿದರೆ 230 ವಾಟ್ ವಿದ್ಯುತ್ ತೆಗೆದುಕೊಳ್ಳುತ್ತದೆ. ಚಿತ್ರ ಬಿಡಿಸುವ ಕಾರ್ಡು 320 ವಾಟ್. ಎರಡೂ ಸೇರಿ 550. ಕಂಪ್ಯೂಟರು ಭಾರ ಎತ್ತುವುದಿಲ್ಲ, ಹಿಟ್ಟು ಬೀಸುವುದಿಲ್ಲ. ತಿಂದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ. 'ಇಸ್ತ್ರಿ ಪೆಟ್ಟಿಗೆಯ ಅರ್ಧ ಅಷ್ಟೇ ಅಲ್ಲವೇನ್ರೀ' ಎಂದಳು ನನ್ನವಳು. ಸರಿಯಾದ ಮಾತೇ. ಆದರೆ ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆ ತನ್ನ ಶಾಖವನ್ನು ಅಂಗೈಗಿಂತ ದೊಡ್ಡ ತಳದಲ್ಲಿ ಹರಡಿಕೊಂಡಿರುತ್ತದೆ. ಚದರ ಸೆಂಟಿಮೀಟರಿಗೆ ಐದಾರು ವಾಟ್. ಈ ಪ್ರೊಸೆಸರಿನಲ್ಲಿ ಹೆಚ್ಚಿನ ಶಾಖ ಹುಟ್ಟುವುದು ಕಿರುಬೆರಳಿನ ಉಗುರಿನಷ್ಟಿರುವ ಎರಡು ತುಣುಕುಗಳಲ್ಲಿ. ಅಲ್ಲಿ ಚದರ ಸೆಂಟಿಮೀಟರಿಗೆ ನೂರು ವಾಟಿಗೂ ಮೇಲೆ. ತೊಂದರೆ ಇರುವುದು ಶಾಖ ಎಷ್ಟು ಎಂಬುದರಲ್ಲಲ್ಲ, ಅಷ್ಟು ಇಕ್ಕಟ್ಟಿನಿಂದ ಅದನ್ನು ಹೊರಗೆ ತರುವುದರಲ್ಲಿ.

ಇಲ್ಲಿಗೆ ನೀರು ಬರುತ್ತದೆ. ಒಂದು ಲೀಟರು ನೀರು ಒಂದು ಡಿಗ್ರಿ ಬಿಸಿಯಾಗಲು ತೆಗೆದುಕೊಳ್ಳುವ ಶಾಖವನ್ನು ಗಾಳಿ ಹೊರಬೇಕಾದರೆ ಸುಮಾರು ಮೂರೂವರೆ ಸಾವಿರ ಲೀಟರು ಗಾಳಿ ಬೇಕು. ಹಾಗೆಂದು ನೀರು ತಂಪು ಮಾಡುತ್ತದೆ ಎಂದು ತಿಳಿಯಬಾರದು. ಅದು ಹಮಾಲಿ. ಇಕ್ಕಟ್ಟಿನ ಜಾಗದಿಂದ ಶಾಖದ ಮೂಟೆ ಹೊತ್ತು, ಅಗಲವಾದ ಬಯಲಿಗೆ, ಅಂದರೆ ರೇಡಿಯೇಟರಿಗೆ ತಂದು ಇಳಿಸುತ್ತದೆ. ಅಲ್ಲಿಂದ ಮುಂದಿನದು ಗಾಳಿಯದೇ ಕೆಲಸ. ಈ ಮಾತನ್ನು ಮಗನಿಗೆ ಹೇಳಿದಾಗ ಅವನು ಮೊಬೈಲಿನಿಂದ ಕಣ್ಣೆತ್ತಿ, 'ವಿಡಿಯೋದಲ್ಲಿ ಹೀಗೆ ಹೇಳಲ್ಲ ಅಪ್ಪಾಜಿ' ಎಂದ. ಅದು ಹೊಗಳಿಕೆಯೇ ಇರಬೇಕು.

ನಿಜವಾಗಿ ಇದೇನು ಹೊಸ ವಿದ್ಯೆಯೂ ಅಲ್ಲ. ನಾನು ಹುಡುಗನಾಗಿದ್ದಾಗ ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಡೀಸೆಲ್ ಇಂಜಿನ್ನಿನ ಪಕ್ಕ ಎತ್ತರದ ಕಟ್ಟೆಯ ಮೇಲೊಂದು ನೀರಿನ ಡ್ರಮ್ಮಿತ್ತು. ಕೆಳಗಿನ ಕೊಳವೆಯಿಂದ ತಣ್ಣೀರು ಇಂಜಿನ್ನಿಗೆ ಹೋಗಿ, ಬಿಸಿಯಾಗಿ ಹಗುರವಾಗಿ ಮೇಲಿನ ಕೊಳವೆಯಿಂದ ಡ್ರಮ್ಮಿಗೆ ತಾನೇ ವಾಪಸಾಗುತ್ತಿತ್ತು. ಪಂಪು ಗಿಂಪು ಏನೂ ಇಲ್ಲ. ಚಳಿಗಾಲದಲ್ಲಿ ಜೋಳದ ಚೀಲ ಸರದಿಯಲ್ಲಿಟ್ಟು ಆ ಬಿಸಿನೀರಿನಲ್ಲಿ ಕಾಲು ತೊಳೆಯುವುದೇ ನಮಗೆ ಆಟ. ದೊಡ್ಡ ಕಂಪ್ಯೂಟರುಗಳೂ ಇದನ್ನು ಹಿಂದೆಯೇ ಕಲಿತಿದ್ದವು. 1985ರ ಕ್ರೇ-2 ಎಂಬ ಸೂಪರ್ ಕಂಪ್ಯೂಟರಿನ ಸರ್ಕೀಟುಗಳನ್ನು ವಿದ್ಯುತ್ ಹರಿಯಗೊಡದ ಒಂದು ದ್ರವದಲ್ಲಿ ಉಪ್ಪಿನಕಾಯಿಯಂತೆ ಮುಳುಗಿಸಿಯೇ ಇಟ್ಟಿದ್ದರು. 2004ರಲ್ಲಿ ಆಪಲ್ ಕಂಪನಿಯವರು ಮೇಜಿನ ಮೇಲಿನ ಒಂದು ಯಂತ್ರಕ್ಕೂ ದ್ರವದ ತಂಪು ಕೊಟ್ಟರು.

ಸಾಮಾನು ಒಂದೊಂದಾಗಿ ಪಾರ್ಸೆಲ್ಲಿನಲ್ಲಿ ಬಂತು. ಪ್ರೊಸೆಸರಿನ ತಲೆಯ ಮೇಲೆ ಕೂರುವ, ಒಳಗೆ ಬಾಚಣಿಗೆಗಿಂತ ಸಣ್ಣ ಗೆರೆ ಕೊರೆದ ತಾಮ್ರದ ಬಿಲ್ಲೆ. ಕಾರ್ಡಿಗೆ ಅಂಥದೇ ಇನ್ನೊಂದು. ಪುಟ್ಟ ಪಂಪು, ಅದರ ಮೇಲೆ ಗಾಜಿನ ಲೋಟದಂಥ ನೀರಿನ ತೊಟ್ಟಿ. ಪಂಪು ಎಂದೂ ಒಣಗಿ ಓಡಬಾರದು, ಆದ್ದರಿಂದ ತೊಟ್ಟಿ ಅದರ ಮೇಲೇ ಇರಬೇಕು. ಮೂರು ಮೂರು ಫ್ಯಾನು ಹಿಡಿಸುವ ಎರಡು ರೇಡಿಯೇಟರು. ಇವನ್ನೆಲ್ಲ ಜೋಡಿಸುವ ಕೊಳವೆ, ಮತ್ತು ಹೆಬ್ಬೆರಳು ಗಾತ್ರದ ಫಿಟ್ಟಿಂಗುಗಳು. ಒಂದು ಫಿಟ್ಟಿಂಗಿಗೆ ಐನೂರು ರೂಪಾಯಿ! ಅಷ್ಟು ದುಡ್ಡಿಗೆ ಬಚ್ಚಲಮನೆಗೆ ಒಳ್ಳೆಯ ಹಿತ್ತಾಳೆ ನಲ್ಲಿಯೇ ಬರುತ್ತದೆ. ಒಂದು ರೇಡಿಯೇಟರಿನ ರೆಕ್ಕೆ ಬಗ್ಗಿ ಬಂದಿತ್ತು. ಪಿ.ಬಿ. ರಸ್ತೆಯಲ್ಲಿ ಲಾರಿಗಳ ರೇಡಿಯೇಟರು ರಿಪೇರಿ ಮಾಡುವವನ ಬಳಿ ಒಯ್ದೆ. ತಿರುಗಿಸಿ ಮುರುಗಿಸಿ ನೋಡಿ, 'ಇದು ಯಾವ ಗಾಡೀದು ಸಾರ್?' ಎಂದ. ಕಂಪ್ಯೂಟರಿನದು ಎಂದರೆ ನನ್ನನ್ನೇ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ. ರೆಕ್ಕೆ ಮಾತ್ರ ಅಚ್ಚುಕಟ್ಟಾಗಿ ನೆಟ್ಟಗೆ ಮಾಡಿಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.

ಸಾಮಾನು ತರಿಸುವ ಮೊದಲೇ ಒಂದು ವಿಷಯದಲ್ಲಿ ನಾನು ಹಟ ಹಿಡಿದಿದ್ದೆ. ಮಗ ಅರ್ಧ ಬೆಲೆಯ ಅಲ್ಯೂಮಿನಿಯಂ ರೇಡಿಯೇಟರು ಹುಡುಕಿದ್ದ. ಬಿಲ್ಲೆ ತಾಮ್ರದ್ದು, ರೇಡಿಯೇಟರು ಅಲ್ಯೂಮಿನಿಯಮ್ಮಿನದು, ನಡುವೆ ಒಂದೇ ನೀರು. ಎರಡು ಬೇರೆ ಲೋಹ, ನಡುವೆ ದ್ರಾವಣ ಎಂದರೆ ಪ್ರೌಢಶಾಲೆಯ ಹುಡುಗರೂ ಹೇಳುತ್ತಾರೆ, ಅದು ವಿದ್ಯುತ್ ಕೋಶ ಎಂದು. ಅಲ್ಯೂಮಿನಿಯಂ ದಿನದಿನಕ್ಕೂ ಸವೆದು, ಆ ಕಸ ಬಾಚಣಿಗೆಯ ಸಂದಿಯಲ್ಲಿ ಕೂರುತ್ತದೆ. ತಾಮ್ರದ್ದೇ ಬರಲಿ ಎಂದೆ, ವ್ಯತ್ಯಾಸದ ದುಡ್ಡು ನಾನೇ ಕೊಟ್ಟೆ. ನೀರಿನ ವಿಷಯದಲ್ಲೂ ಅಷ್ಟೆ. ನಮ್ಮ ಬೋರಿನ ನೀರು ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವುದನ್ನು ದಿನಾ ನೋಡುತ್ತೇವೆ. ಆ ಪೊರೆ ಕೂದಲೆಳೆಯ ಸಂದಿಯಲ್ಲಿ ಕಟ್ಟಿದರೆ ಮುಗಿಯಿತು. ಹಾಗಾಗಿ ಡಿಸ್ಟಿಲ್ಡ್ ವಾಟರು, ಅದಕ್ಕೆ ತುಕ್ಕು ಮತ್ತು ಪಾಚಿ ತಡೆಯುವ ಔಷಧಿ. ಪಕ್ಕದ ಮನೆಯ ನಿವೃತ್ತ ಅಧಿಕಾರಿಗಳು ಕಾಂಪೌಂಡಿನ ಆಚೆಯಿಂದಲೇ, 'ಮೇಷ್ಟ್ರೇ, ಐಸ್ ಹಾಕಿಬಿಡಿ ಅತ್ಲಾಗೆ' ಎಂದು ಸಲಹೆ ಕೊಟ್ಟರು. ಐಸು ಹಾಕಿದರೆ ಕೊಳವೆ ಕೋಣೆಗಿಂತ ತಣ್ಣಗಾಗಿ, ತಣ್ಣೀರಿನ ಚೊಂಬಿನ ಹಾಗೆ ಹೊರಮೈ ಬೆವರುತ್ತದೆ. ಆ ಬೆವರು ಸರ್ಕೀಟಿನ ಮೇಲೆ ತೊಟ್ಟಿಕ್ಕುತ್ತದೆ. ಮಣ್ಣಿನ ಮಡಕೆಯಾದರೆ ನೀರನ್ನು ಆವಿ ಮಾಡಿ ಕೋಣೆಗಿಂತ ತಂಪಾಗಬಲ್ಲದು. ಮುಚ್ಚಿದ ಕೊಳವೆಯಲ್ಲಿ ಸುತ್ತುವ ನೀರು ಎಷ್ಟು ಸುತ್ತಿದರೂ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು.

ಪ್ರೊಸೆಸರು ದಾಟಿದ ನೀರು ನೇರ ಕಾರ್ಡಿಗೆ ಹೋಗಬಹುದೇ, ನಡುವೆ ರೇಡಿಯೇಟರು ಬೇಕೇ ಎಂಬ ಬಗ್ಗೆ ಮಗನೂ ಅವನ ಗೆಳೆಯರೂ ಎರಡು ದಿನ ಫೋನಿನಲ್ಲಿ ಕಿತ್ತಾಡಿದರು. ನಿಮಿಷಕ್ಕೆ ಮೂರು ಲೀಟರು ಹರಿದರೆ, 550 ವಾಟಿಗೆ, ಇಡೀ ಸುತ್ತಿನಲ್ಲಿ ನೀರಿನ ಬಿಸಿ ಏರುವುದು ಮೂರು ಡಿಗ್ರಿಗಿಂತ ಕಡಿಮೆ. ಯಾವುದು ಮೊದಲಾದರೇನು? ಕೊಳವೆ ಕಡಿಮೆ ತಿರುಗುವ ದಾರಿ ಹಿಡಿ ಎಂದೆ. ಜಗಳ ನಿಂತಿತು.

ಗಾಳಿಯ ವಿಷಯ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಮಗನಿಗೆ ಮುಂಭಾಗ ಪೂರ್ತಿ ಗಾಜಿದ್ದು ಒಳಗೆ ದೀಪ ಮಿನುಗುವ ಪೆಟ್ಟಿಗೆಯ ಮೇಲೆ ಕಣ್ಣು. ಮೂರು ಫ್ಯಾನಿನ ಮುಂದೆ ಗಾಜು ನಿಲ್ಲಿಸಿದರೆ ಅವು ಉಸಿರು ಎಳೆಯುವುದು ಎಲ್ಲಿಂದ? ನಮ್ಮ ಹಿರಿಯರು ಬೆಳಕಿಂಡಿ, ಗವಾಕ್ಷಿ ಇಟ್ಟದ್ದು ಚಂದಕ್ಕಲ್ಲ. ಕೊನೆಗೆ ಮುಂದೆ ಜಾಲರಿ, ಪಕ್ಕಕ್ಕೆ ಗಾಜು ಎಂದು ರಾಜಿಯಾಯಿತು. ಮುಂದಿನ ಫ್ಯಾನುಗಳು ಒಂದು ರೇಡಿಯೇಟರಿನ ಮೂಲಕ ಗಾಳಿ ಒಳಗೆಳೆಯುವುದು, ಮೇಲಿನವು ಇನ್ನೊಂದರ ಮೂಲಕ ಹೊರಗೆ ತಳ್ಳುವುದು. ಆದರೆ ಮೊದಲನೆಯದನ್ನು ದಾಟಿ ಬಂದ ಗಾಳಿ ಆಗಲೇ ಬಿಸಿ, ಎರಡನೆಯದಕ್ಕೆ ಸಿಗುವುದು ಎಂಜಲು. ಅದಕ್ಕೆ ಹಿಂದಿನ ಫ್ಯಾನನ್ನೂ ತಿರುಗಿಸಿ ಒಳಕ್ಕೆ ಎಳೆಯುವಂತೆ ಹಾಕಿದೆವು. ಇದರಿಂದ ಇನ್ನೊಂದು ಲಾಭ: ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಹೆಚ್ಚಿದ್ದರೆ ಸಂದಿಗೊಂದಿಗಳಿಂದ ದೂಳು ನುಸುಳುವುದಿಲ್ಲ, ಬರುವುದೆಲ್ಲ ಜಾಲರಿಯ ಮೂಲಕವೇ ಬರಬೇಕು. ನಮ್ಮ ಬೀದಿಯ ದೂಳು ಕಂಡವರಿಗೆ ಇದರ ಬೆಲೆ ಗೊತ್ತು.

ಗಾಳಿ ಕಣ್ಣಿಗೆ ಕಾಣದು. ದೇವರ ಮನೆಯಿಂದ ಎರಡು ಊದಿನಕಡ್ಡಿ ತಂದು ಹಚ್ಚಿದೆ. ಮುಂದೆ ಹಿಡಿದರೆ ಹೊಗೆ ದಾರದಂತೆ ನೆಟ್ಟಗೆ ಒಳಗೆ ಹೋಯಿತು. ಮೇಲೆ ಹಿಡಿದರೆ ಭರ್ರನೆ ಎದ್ದು ಗೋಡೆಗೆ ಬಡಿದು, ಅರೆ, ಹಿಂದಿನ ಸಂದಿಗೆ ಇಳಿದು ಹಿಂದಿನ ಫ್ಯಾನಿನ ಬಾಯಿಗೇ ಬಿತ್ತು! ಉಗುಳಿದ್ದನ್ನೇ ನುಂಗುತ್ತಿತ್ತು. ಮೇಜನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ಸರಿಸಿದೆವು. ಹೊಗೆ ಸೂರಿಗೆ ಏರಿತು. ಸಾವಿರಾರು ರೂಪಾಯಿಯ ಸಾಮಾನಿಗಿಂತ ಆ ಒಂದೂವರೆ ಅಡಿ ಕಡಿಮೆ ಕೆಲಸವನ್ನೇನೂ ಮಾಡಿಲ್ಲ.

ನೀರು ತುಂಬಿಸಿದ ದಿನ ಪಂಪಿಗೆ ಮಾತ್ರ ಕರೆಂಟು ಕೊಟ್ಟು, ಉಳಿದದ್ದಕ್ಕೆ ಕೊಡದೆ, ಒಂದು ದಿನ ಪೂರ್ತಿ ಸುಮ್ಮನೆ ಓಡಿಸಿದೆವು. ಪ್ರತಿ ಕೀಲಿನ ಕೆಳಗೂ ಟಿಶ್ಯೂ ಕಾಗದ. ಪೆಟ್ಟಿಗೆಯನ್ನು ಮಗುವಿನ ಹಾಗೆ ಅತ್ತ ಇತ್ತ ವಾಲಿಸಿ ಗಾಳಿಗುಳ್ಳೆ ಹೊರಡಿಸಬೇಕು. ರಾತ್ರಿ ಹನ್ನೊಂದರವರೆಗೆ ಕಾಗದವೆಲ್ಲ ಒಣಗಿಯೇ ಇದ್ದವು, ಮಲಗಿದೆವು. ಬೆಳಗಿನ ಐದಕ್ಕೆ ರಂಗೋಲಿಗೆಂದು ಎದ್ದ ನನ್ನವಳು ನೇರ ಅಲ್ಲಿಗೆ ಹೋಗಿ ಕಡಲೆಕಾಯಿ ಗಾತ್ರದ ಒದ್ದೆ ಕಲೆ ಹಿಡಿದಳು. ಕಾರ್ಡಿನ ನೆತ್ತಿಯ ಫಿಟ್ಟಿಂಗಿನದು. ಒಳಗಿನ ರಬ್ಬರ್ ವಾಷರು ಬರುವಾಗಲೇ ಸೀಳಿತ್ತು. ಬದಲಾಯಿಸಿ ಮತ್ತೆ ಒಂದು ದಿನ ಓಡಿಸಿದೆವು. ಆ ಎರಡನೇ ರಾತ್ರಿ ಅವಳು ಮೂರು ಸಲ ಎದ್ದಳೆಂದು ಮಗ ಹೇಳಿದ. ಅವನೂ ಎದ್ದಿದ್ದ ಎಂದಾಯಿತು.

ಯಂತ್ರ ಹೊತ್ತಿಕೊಂಡಿತು. ಹಳೆಯದರಲ್ಲಿ ಎಂಬತ್ತರ ಹತ್ತಿರ ಓಡುತ್ತಿದ್ದ ಕಾರ್ಡು ಇಲ್ಲಿ ಐವತ್ತರ ಆಸುಪಾಸಿಗೆ ನಿಂತಿತು. ಪ್ರೊಸೆಸರು ಮಾತ್ರ ತೊಂಬತ್ತು ಬಿಟ್ಟು ಇಳಿಯಲೊಲ್ಲದು. 95 ಡಿಗ್ರಿಯವರೆಗೆ ಓಡಲೆಂದೇ ಮಾಡಿದ ಚಿಪ್ಪು ಅದು. ಉಗುರಿನಷ್ಟು ಜಾಗದಿಂದ ಶಾಖ ಲೋಹಕ್ಕೆ ದಾಟುವುದೇ ಕಷ್ಟವಾದಾಗ ಆಚೆಗೆ ಎಷ್ಟು ನೀರಿದ್ದರೇನು? ಮಗ ಅದರ ವಿದ್ಯುತ್ ಮಿತಿಯನ್ನು 230ರಿಂದ 142 ವಾಟಿಗೆ ಇಳಿಸಿದ. ಬಿಸಿ ತಟಕ್ಕನೆ ಬಿತ್ತು, ವೇಗ ಇಳಿದದ್ದು ಸ್ವಲ್ಪವೇ. ಕೊನೆಯ ಕೆಲವು ಹೆಜ್ಜೆಗೆ ಅಷ್ಟೊಂದು ವಾಟು ಸುರಿಯುತ್ತಿತ್ತು ನೋಡಿ.

ಇನ್ನು ಉಳಿದದ್ದು ಕೋಣೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿಯ ತೂಕ ಮೂವತ್ತಮೂರು ಕೆ.ಜಿ. ಅದಕ್ಕೆ 550 ವಾಟ್ ಸುರಿದರೆ ಲೆಕ್ಕದ ಪ್ರಕಾರ ನಿಮಿಷಕ್ಕೊಂದು ಡಿಗ್ರಿ ಏರಬೇಕು. ಗೋಡೆ, ನೆಲ ಕುಡಿದುಕೊಳ್ಳುವುದರಿಂದ ಅಷ್ಟಾಗುವುದಿಲ್ಲ. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಶಾಲೆಯ ಥರ್ಮಾಮೀಟರು ಏರುತ್ತಲೇ ಇತ್ತು, ಮತ್ತು ಕೋಣೆ ಒಂದು ಡಿಗ್ರಿ ಏರಿದರೆ ಚಿಪ್ಪೂ ಒಂದು ಡಿಗ್ರಿ ಏರುತ್ತದೆ. ಕಿಟಕಿಯ ಮೇಲಿನ ಅಂಕಣಕ್ಕೆ ಅಡುಗೆಮನೆಯ ಮಾದರಿಯ ಎಕ್ಸಾಸ್ಟ್ ಫ್ಯಾನು ಕೂರಿಸಿದೆವು, ಬಾಗಿಲ ಕೆಳಗೆ ಎರಡು ಇಂಚು ಕೊರೆಸಿದೆವು. ದೊಡ್ಡ ಕೆಲಸಗಳನ್ನೆಲ್ಲ ಮಗ ರಾತ್ರಿ ಹತ್ತರ ಮೇಲೆ ಹಚ್ಚುತ್ತಾನೆ. ನಮ್ಮಲ್ಲಿ ಮೇ ತಿಂಗಳಲ್ಲೂ ಬೆಳಗಿನ ಜಾವ ಮಧ್ಯಾಹ್ನಕ್ಕಿಂತ ಹನ್ನೆರಡು ಹದಿಮೂರು ಡಿಗ್ರಿ ತಂಪು; ಅಷ್ಟೂ ಪುಕ್ಕಟೆ.

ಕೈಬಿಟ್ಟ ಗಿರಾಕಿ ಆ ಜುಲೈನಲ್ಲಿ ವಾಪಸು ಬಂತು. ಬೆಂಗಳೂರಿನ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಹಳೆಯ ನೀರು ಬಸಿದು ಹೊಸದು ತುಂಬುತ್ತೇವೆ. ಔಷಧಿ ಬೆರೆತ ಆ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಬಾರದೆಂದು ನನ್ನವಳ ಕಟ್ಟಪ್ಪಣೆ. ಈಗ ಕೆಲಸ ಹೆಚ್ಚಾಗಿ ಮಗ ಎರಡನೆಯ ಯಂತ್ರದ ಮಾತು ತೆಗೆದಿದ್ದಾನೆ. ಆ ಕೋಣೆಗೆ ಇರುವುದು ಒಂದೇ ಕಿಟಕಿ. ಅದರ ಎದುರಿನ ಗೋಡೆ ನಿವೃತ್ತ ಅಧಿಕಾರಿಗಳ ಕಾಂಪೌಂಡಿಗೆ ಅಂಟಿಕೊಂಡಿದೆ. ಅಲ್ಲೊಂದು ತೂತು ಕೊರೆದರೆ ಅವರ ತುಳಸಿಕಟ್ಟೆಗೆ ಬಿಸಿಗಾಳಿ ಹೊಡೆಯುತ್ತದೆಯೇ ಎಂದು ಊದಿನಕಡ್ಡಿ ಹಿಡಿದು ನೋಡಬೇಕು.